ಹಗೇವಿನಲ್ಲಿ ಆರದ ದೀಪ

ಹೊತ್ತು, ಸೂರ್ಯೋದಯವಾಗಿ ಎರಡು ಗಳಿಗೆ. ಹವೆ, ಫಾಲ್ಗುಣದ ಒಣಗಾಳಿ. ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಸ್ಥಳ, ಎರೆಹಾಳದ ಮಠದ ಅಂಗಳ. ಇದ್ದವರು: ಪೂಜ್ಯ ಬಾಚವ್ವತಾಯಿಯವರು, ಕೋಟೆಯಿಂದ ಬಂದ ಬೆಳೆ ಅಂದಾಜುಗಾರ ರಾಚೋಟೆಪ್ಪ, ಅವನ ಹಿಂದೆ ಇಬ್ಬರು ಈಟಿಯವರು, ಕಣದ ಕೆಲಸದ ಮುದುಕ ಭರಮಪ್ಪ, ನಿಲ್ಲಲು ತ್ರಾಣವಿಲ್ಲದೆ ಗೋಡೆಗೊರಗಿ ಕುಳಿತ ಊರಿನ ಹನ್ನೊಂದು ಮಂದಿ. ಉಳಿದವರು ಬರುವ ಸ್ಥಿತಿಯಲ್ಲಿರಲಿಲ್ಲ.

ತಾಯಿಯವರು ಬೀಸುವ ಕಲ್ಲಿನ ಮುಂದೆ ಕುಳಿತಿದ್ದರು. ಮಠದ ದಾಸೋಹಕ್ಕೆ ನಲವತ್ತು ವರ್ಷ ತಮ್ಮ ಕೈಯಿಂದಲೇ ಬೀಸಿದವರು ಅವರು. ಅಂದು ಕಲ್ಲಿನ ಬಾಯಲ್ಲಿ ಇದ್ದದ್ದು ಹುಣಸೆಬೀಜ.

ಎರಡು ಕೋಟೆಗಳ ಕಾಳಗ ಮೂರನೆಯ ವರ್ಷಕ್ಕೆ ಕಾಲಿಟ್ಟಿತ್ತು. ಸೈನ್ಯಕ್ಕೆ ಜೋಳ ಬೇಕು. ಯಾವ ಊರಿನಿಂದ ಎಷ್ಟು ಒಯ್ಯಬೇಕೆಂಬುದು ಅಂದಾಜುಗಾರನ ಮಾತಿನ ಮೇಲೆ ನಿಂತಿತ್ತು. ನಿಯಮ ಸ್ಪಷ್ಟ. ಅವನು ಬೆಳೆಯನ್ನು ಎರಡು ಸಲ ನೋಡಬೇಕು: ತೆನೆಯಲ್ಲಿ ಹಾಲು ತುಂಬಿದಾಗ ಒಮ್ಮೆ, ಕಣದಲ್ಲಿ ರಾಶಿಯಾದಾಗ ಒಮ್ಮೆ. ನೋಡಿ, ಕಣದ ಕಲ್ಲನ್ನು ಹತ್ತಿ, ಹದಿನಾರಾಣೆಗೆ ಎಷ್ಟಾಣೆ ಬೆಳೆಯೆಂದು ಎಲ್ಲರಿಗೂ ಕೇಳುವಂತೆ ಕೂಗಬೇಕು. ಕೂಗಿದ್ದನ್ನು ಕೂಗಿದವನಲ್ಲದೆ ಇನ್ನೊಬ್ಬರು ತಿದ್ದುವಂತಿಲ್ಲ.

ಆ ವರ್ಷ ರಾಚೋಟೆಪ್ಪ ಒಮ್ಮೆ ಮಾತ್ರ ನೋಡಿದ. ಸಂಕ್ರಾಂತಿಗೆ ಮುಂಚೆ ಬಂದು, ಹೊಲದ ಬದುವಿನ ಮೇಲೆ ಕುಳಿತು, ಎಳೆ ತೆನೆ ಸುಟ್ಟ ಸೀತನಿ ತಿಂದು, ಆಳೆತ್ತರದ ದಂಟನ್ನು ಮೆಚ್ಚಿ, ಕಣದ ಕಲ್ಲು ಹತ್ತಿ ಹನ್ನೆರಡಾಣೆ ಎಂದು ಕೂಗಿ ಹೋದ. ಆಮೇಲೆ ತೆನೆಗೆ ಕಾಡಿಗೆ ರೋಗ ಬಿತ್ತು. ಉಳಿದುದನ್ನು ಎದುರು ಕೋಟೆಯ ಕುದುರೆಗಳು ಮೇದವು. ದಾರಿ ಸುರಕ್ಷಿತವಲ್ಲವೆಂದು ಅವನು ಮತ್ತೆ ಬರಲಿಲ್ಲ. ಗಾಡಿಗಳು ಬಂದವು. ಹನ್ನೆರಡಾಣೆಯ ಪ್ರಕಾರ ತುಂಬತೊಡಗಿದವು. ಇದ್ದದ್ದೆಲ್ಲ ಹೋಯಿತು, ಗಾಡಿಗಳು ಅರ್ಧವೂ ತುಂಬಲಿಲ್ಲ.

ತುಂಬಲಿಲ್ಲವೆಂದರೆ ಬಚ್ಚಿಟ್ಟಿದ್ದಾರೆ. ರಾಚೋಟೆಪ್ಪನ ತರ್ಕ ಅಷ್ಟೇ. ಮೂವತ್ತು ವರ್ಷದಲ್ಲಿ ಅವನ ಕೂಗು ತಪ್ಪಿದ್ದಿಲ್ಲ. ಊರೆಲ್ಲ ಜೋಳ ಇಳಿಸುತ್ತಿದ್ದ ಹಗೇವು, ಅಂದರೆ ನೆಲದಡಿಯ ಕಣಜ, ಮಠದ ಅಂಗಳದಲ್ಲಿಯೇ ಇತ್ತು. ಅದರಲ್ಲಿ ಜೋಳ ಸಿಗಬೇಕು. ಸಿಕ್ಕರೆ ಅವನ ಮಾತು ಉಳಿಯುತ್ತದೆ. ಬರುವ ದಾರಿಯಲ್ಲಿ ಮೂರು ಬಾಗಿಲುಗಳ ಮುಂದೆ ಎತ್ತುವವರಿಲ್ಲದ ಹೆಣಗಳನ್ನು ಕಂಡಿದ್ದ. ಕಂಡು ಮುಖ ತಿರುಗಿಸಿದ್ದ.

ಮಠದ ಪಡಸಾಲೆಯ ತೊಲೆಗೆ ಬಿತ್ತನೆಯ ತೆನೆಗಳ ಎರಡು ಕಟ್ಟು ತೂಗುತ್ತಿದ್ದವು. ಅಷ್ಟು ಹಸಿವೆಯಲ್ಲೂ ಊರು ಅವನ್ನು ಮುಟ್ಟಿರಲಿಲ್ಲ. ಹನ್ನೆರಡಾಣೆ ತುಂಬದಿದ್ದರೆ ಇವೂ ಗಾಡಿಗೇ ಎಂದು ಈಟಿಯವನೊಬ್ಬ ಮೊನೆಯಿಂದ ತಟ್ಟಿ ತೋರಿಸಿದ.

"ಹಸಿದವರ ಮಠದಾಗ ಬೀಸೋ ಕಲ್ಲು ಯಾಕ ತಿರಗತೈತಿ, ತಾಯಿ?" ಎಂದು ರಾಚೋಟೆಪ್ಪ ಕೆಣಕಿದ.

ತಾಯಿಯವರು ಒಂದು ಹಿಡಿ ಹಿಟ್ಟನ್ನು ಅವನ ಅಂಗೈಗೆ ಸುರಿದರು. ಅವನು ಮೂಸಿ ನೋಡಿ ಕೊಡವಿದ. ಹಗೇವು ತೆಗೆಸಲು ಹೇಳಿದ. ತಾಯಿಯವರು ತಡೆಯಲಿಲ್ಲ.

"ನೀನ ಇಳಿಯಪ್ಪಾ," ಎಂದರು.

ಈಟಿಯವರು ಬಾಯಿಗಲ್ಲನ್ನು ಸರಿಸಿದರು.

"ಇಲಿ ಸಿಕ್ರ ನಮಗ ಬಿಡ್ರಿ, ಧಣಿ," ಎಂದ ಭರಮಪ್ಪ. "ಅವೂ ಊರು ಬಿಟ್ಟು ತಿಂಗಳಾತು."



ಇಳಿಯುವ ಮುನ್ನ ಒಳಗೆ ಹಗ್ಗದಲ್ಲಿ ದೀಪ ಬಿಡುವುದು ಪದ್ಧತಿ. ಜೋಳವಿರುವ ಹಗೇವು ಮುಚ್ಚಿದ ಕತ್ತಲಲ್ಲಿ ಕೆಟ್ಟ ಗಾಳಿ ಕಟ್ಟುತ್ತದೆ. ದೀಪ ಆರುತ್ತದೆ. ದುಡುಕಿ ಇಳಿದವನ ಉಸಿರೂ ಆರುತ್ತದೆ. ಬರಿದಾದ ಹಗೇವಿನಲ್ಲಿ ಆ ಗಾಳಿ ಇರುವುದಿಲ್ಲ. ಇದನ್ನು ರಾಚೋಟೆಪ್ಪನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹಗ್ಗವನ್ನು ಅವನೇ ಹಿಡಿದ. ಆರಲಿ, ಆರಲಿ ಎಂದು ಒಳಗೊಳಗೇ ಬೇಡಿದ. ಮಠದ ಅಂಗಳದಲ್ಲಿ ನಿಂತು ದೀಪ ಆರಲೆಂದು ಬೇಡಿದವನು ಅವನೊಬ್ಬನೇ ಇರಬೇಕು.

ದೀಪ ಒಂದಾಳು ಇಳಿಯಿತು. ಎರಡಾಳು ಇಳಿಯಿತು. ತಳ ಮುಟ್ಟಿತು. ಅಲುಗದೆ ಉರಿಯಿತು.

ಅವನು ಬಹಳ ಹೊತ್ತು ಬಗ್ಗಿ ನೋಡಿದ. ಆಮೇಲೆ ಇಳಿದ. ಮಣ್ಣು ಮೆತ್ತಿದ ಗೋಡೆಯ ತುಂಬ ಉಗುರಿನ ಗೀರುಗಳಿದ್ದವು. ಗೋಡೆಗಂಟಿ ಉಳಿದಿದ್ದ ಬೂಷ್ಟು ಹಿಡಿದ ಕಾಳನ್ನೂ ಊರವರು ಕೆರೆದು ಒಯ್ದಿದ್ದರು. ಒಂದು ಗೀರಿನಲ್ಲಿ ಮುರಿದ ಉಗುರು ಸಿಕ್ಕಿಕೊಂಡಿತ್ತು. ಅವನು ತಳವನ್ನು ಎರಡೂ ಕೈಯಿಂದ ಬಳಿದ. ಹುಳು ಬಾರದಿರಲೆಂದು ಹಿಂದೆಂದೋ ಚೆಲ್ಲಿದ್ದ ಬೂದಿ ಕೈಗೆ ಬಂತು. ಬೇರೇನೂ ಬರಲಿಲ್ಲ.

ಮೇಲೆ ಬಂದವನು ಈಟಿಯವರ ಕಡೆ ನೋಡಲಿಲ್ಲ. ತಾಯಿಯವರ ಮುಂದೆ ಮಂಡಿಯೂರಿ, ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದ. ಅವರು ಕೈಯೆತ್ತಿ ತಡೆದರು.

"ನನಗ ಹೇಳಬ್ಯಾಡ. ನೀ ಕೂಗಿದ ಕಲ್ಲು ಅಲ್ಲೇ ಐತಿ."

ಅಷ್ಟು ಹೇಳಿ ಮತ್ತೆ ಬೀಸತೊಡಗಿದರು.

ಸುಳ್ಳು ಅಂದಾಜಿಗೆ ಕೋಟೆಯಲ್ಲಿ ನಾಲಗೆ ಕತ್ತರಿಸುವುದೇ ದಂಡ. ಅದು ಎಲ್ಲರಿಗೂ ತಿಳಿದಿತ್ತು. ಕೂಗಿದರೆ ಸತ್ತವರು ಏಳುವುದಿಲ್ಲ. ಹೋದ ಗಾಡಿಗಳು ಹಿಂದಿರುಗುವುದಿಲ್ಲ. ಉಳಿಯುವುದು ತೊಲೆಗೆ ತೂಗುವ ಎರಡು ಕಟ್ಟು ತೆನೆ. ಅವನ್ನು ಬಿತ್ತಲು ಹಿಂಗಾರಿನವರೆಗೆ ಊರಿನಲ್ಲಿ ಯಾರು ಬದುಕಿ ಉಳಿದಾರು ಎಂಬುದನ್ನು ತಾಯಿಯವರೂ ಹೇಳಲಿಲ್ಲ.

ರಾಚೋಟೆಪ್ಪ ಕಣಕ್ಕೆ ನಡೆದ. ಹನ್ನೊಂದು ಮಂದಿಯಲ್ಲಿ ನಾಲ್ವರು ಗೋಡೆ ಹಿಡಿದು ಎದ್ದು ಹಿಂದೆ ಬಂದರು. ಅವನು ತಲೆಯ ರುಮಾಲನ್ನು ಬಿಚ್ಚಿ ನೆಲಕ್ಕಿಟ್ಟ. ಕಲ್ಲು ಹತ್ತಿದ. ಬೂದಿಯ ಕೈಗಳನ್ನು ಒರೆಸಿಕೊಳ್ಳದೆ, ಕೇಳುವವರು ಉಳಿಯದ ಮನೆಗಳಿಗೂ ಕೇಳುವಂತೆ ಕೂಗಿದ:

"ಎರೆಹಾಳದ ಬೆಳೆ ಸೊನ್ನೆ ಆಣೆ. ಅಂದು ನಾ ಕೂಗಿದ್ದು ಸುಳ್ಳು. ಈ ಊರಾಗ ಒಯ್ಯಾಕ ಏನೂ ಉಳದಿಲ್ಲ."