ಪಾದ್ರಿ ನೋಡಿರದ ಇಳಿಜಾರು

"ಗುರುಗಳೇ, ಮೂಲ ಬರೆದವನು ತಡವರಿಸಿದ ಕಡೆ ಅನುವಾದಕನೂ ತಡವರಿಸಬೇಕೆ?"

ಹೀಗೆ ಕೇಳಿದವಳು ಎರ್ಸಿಲಿಯಾ ಎಂಬ ಶಿಷ್ಯೆ. ಅವಳು ಜರ್ಮನ್ ಬರಹಗಳನ್ನು ಇಟಾಲಿಯನ್ ಭಾಷೆಗೆ ತರುವುದನ್ನು ಕಲಿಯುತ್ತಿದ್ದಳು. ಅವಳ ಗುರುಗಳ ಮನೆ ಆಲ್ಪ್ಸ್ ಬೆಟ್ಟಗಳ ನಡುವಿನ ಒಂದು ಊರಿನಲ್ಲಿತ್ತು. ಆ ಊರಿನ ಉತ್ತರಕ್ಕೆ ಜರ್ಮನ್ ಆಡುವ ಜನ, ದಕ್ಷಿಣಕ್ಕೆ ಇಟಾಲಿಯನ್ ಆಡುವ ಜನ. ಆದ್ದರಿಂದ ಅಲ್ಲಿ ಅನುವಾದ ಕಲಿಯುವುದು ವಿಶೇಷವೇನಲ್ಲ. ಮರಗೆಲಸ ಕಲಿಯುವಂತೆ ಅದನ್ನೂ ಕಲಿಯುತ್ತಿದ್ದರು.

ಗುರುಗಳು ಕಲಿಸುವ ಕ್ರಮ ಹೀಗಿತ್ತು. ಶಿಷ್ಯರು ತಮ್ಮ ಇಟಾಲಿಯನ್ ಬರಹವನ್ನು ಗಟ್ಟಿಯಾಗಿ ಓದಬೇಕು. ಗುರುಗಳು ಜರ್ಮನ್ ಮೂಲವನ್ನು ಮುಂದಿಟ್ಟುಕೊಂಡು ಸಾಲಿನ ಮೇಲೆ ಬೆರಳಿಡುತ್ತಾರೆ. ಎರಡೂ ಜೊತೆಯಾಗಿ ಸಾಗುವವರೆಗೆ ಬೆರಳು ಸಾಗುತ್ತದೆ. ಅನುವಾದ ಮೂಲವನ್ನು ಬಿಟ್ಟುಹೋದರೆ ಬೆರಳು ನಿಂತುಬಿಡುತ್ತದೆ. ಗುರುಗಳು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಬೆರಳು ನಿಂತಿತೆಂದರೆ ತಪ್ಪಾಗಿದೆ ಎಂದು ಅರ್ಥ.

ಅಂದು ಎರ್ಸಿಲಿಯಾ ಓದುತ್ತಿದ್ದದ್ದು ಒಬ್ಬ ವೈದ್ಯ ಬರೆದ ಪುಸ್ತಕದ ಅನುವಾದ. ಜ್ವರದ ಕಷಾಯವೊಂದರ ಬಗ್ಗೆ ವೈದ್ಯ, "ಇದು ಮಕ್ಕಳಿಗೂ ಆಗಬಹುದು, ಆದರೆ ನಾನು ಕೊಟ್ಟು ನೋಡಿಲ್ಲ" ಎಂದು ಬರೆದಿದ್ದ. ಎರ್ಸಿಲಿಯಾ, "ಇದು ಮಕ್ಕಳಿಗೂ ಆಗುತ್ತದೆ" ಎಂದು ಓದಿದಳು. ಬೆರಳು ನಿಂತಿತು. ಆಗಲೇ ಅವಳು ಆ ಪ್ರಶ್ನೆ ಕೇಳಿದ್ದು.

ಕೇಳಿ ಸುಮ್ಮನಾಗದೆ ಕಾರಣವನ್ನೂ ಹೇಳಿದಳು. "ಆಗಬಹುದು, ನೋಡಿಲ್ಲ, ಗೊತ್ತಿಲ್ಲ ಎಂದೆಲ್ಲ ಬರೆದರೆ ಓದುವವರು ವೈದ್ಯನನ್ನು ಅನುಮಾನಿಸುವುದಿಲ್ಲ, ಗುರುಗಳೇ. ಈ ಹುಡುಗಿಗೆ ಜರ್ಮನ್ ಸರಿಯಾಗಿ ಬರುವುದಿಲ್ಲ ಎನ್ನುತ್ತಾರೆ."

ಗುರುಗಳು ಬೆರಳನ್ನು ಅಲ್ಲೇ ಇಟ್ಟುಕೊಂಡು ಒಂದು ಕತೆ ಹೇಳಿದರು.

ಒಂದು ಕಣಿವೆಯಲ್ಲಿ ಅಣ್ಣ ತಮ್ಮ ಇಬ್ಬರಿದ್ದರು. ಅದು ಇಟಾಲಿಯನ್ ಆಡುವ ಕಣಿವೆ. ಬೆಟ್ಟದ ಆಚೆಗಿನದು ಜರ್ಮನ್ ಆಡುವ ಕಣಿವೆ. ಆಗ ಎರಡು ಕಡೆಯವರಲ್ಲೂ ಒಂದು ರೂಢಿಯಿತ್ತು. ಈಚೆಯ ಮನೆಯವರು ತಮ್ಮ ಮಗುವೊಂದನ್ನು ಆಚೆಯ ಮನೆಗೆ ಕಳಿಸುತ್ತಿದ್ದರು. ಆಚೆಯವರು ತಮ್ಮ ಮಗುವನ್ನು ಈಚೆಗೆ ಕಳಿಸುತ್ತಿದ್ದರು. ಮಕ್ಕಳು ಅಲ್ಲೇ ಉಂಡು, ಅಲ್ಲೇ ದುಡಿದು, ಆ ಮನೆಯ ಮಾತು ಕಲಿತು ಹಿಂತಿರುಗುತ್ತಿದ್ದರು. ಈ ಮನೆಯಿಂದ ಹೋದವನು ತಮ್ಮ. ಅಣ್ಣ ಹೋಗಲಿಲ್ಲ, ಏಕೆಂದರೆ ತಂದೆಯ ಹೇಸರಗತ್ತೆಗಳನ್ನು ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಹೀಗೆ ತಮ್ಮ ಜರ್ಮನ್ ಕಲಿತ. ಅಣ್ಣ ಬೆಟ್ಟದಾಚೆಗೆ ಉಪ್ಪು ಹೊರುವವನಾದ.

ಅಣ್ಣನಿಗೆ ತಮ್ಮನ ಮೇಲೆ ಅಸೂಯೆ ಇರಲಿಲ್ಲ. ಹೆಮ್ಮೆಯಿತ್ತು. ಇದನ್ನು ನೀನು ನೆನಪಿಡಬೇಕು, ಏಕೆಂದರೆ ಮುಂದೆ ಆದದ್ದೆಲ್ಲ ಹಗೆಯಿಂದ ಆಗಲಿಲ್ಲ.

ಆಚೆಯ ಕಣಿವೆಯಲ್ಲಿ ಒಬ್ಬ ಪಾದ್ರಿಯಿದ್ದ. ದೂರದ ಒಂಟಿ ಮನೆಗಳಿಗೆ ಪ್ರಾರ್ಥನೆ ಮಾಡಿಸಲು ಹೋಗಿ ಬಂದು ಅವನಿಗೆ ಬೆಟ್ಟದ ದಾರಿಗಳು ಪರಿಚಯವಾಗಿದ್ದವು. ಅವನು ಆ ದಾರಿಗಳ ಬಗ್ಗೆ ಜರ್ಮನ್ ಭಾಷೆಯಲ್ಲಿ ಒಂದು ಪುಸ್ತಕ ಬರೆದ. ಅದನ್ನು ಇಟಾಲಿಯನ್ ಭಾಷೆಗೆ ತರುವ ಕೆಲಸ ತಮ್ಮನಿಗೆ ಬಂತು. ಅದು ಅವನ ಮೊದಲ ಅನುವಾದ.

ಪಾದ್ರಿ ತಾನು ಕಂಡದ್ದನ್ನು ಕಂಡೆ ಎಂದೂ ಕಾಣದ್ದನ್ನು ಕಾಣಲಿಲ್ಲ ಎಂದೂ ಬರೆಯುವವನು. ಬೆಟ್ಟ ದಾಟುವ ಒಂದು ಒಳದಾರಿಯ ಇಳಿಜಾರಿನ ಬಗ್ಗೆ ಅವನು ಬರೆದದ್ದು ಇಷ್ಟು: "ಬೇಸಿಗೆಯಲ್ಲಿ ಇಲ್ಲಿ ಭಯವಿಲ್ಲ. ವಸಂತದಲ್ಲೂ ಇಲ್ಲದಿರಬಹುದು. ಆದರೆ ವಸಂತದಲ್ಲಿ ನಾನು ಹೋಗಿ ನೋಡಿಲ್ಲ. ಹತ್ತಿರದ ಮನೆಯವರನ್ನು ಕೇಳುವುದು ಮೇಲು." ವಸಂತವೆಂದರೆ ಮೇಲೆ ಹಿಮ ಉಳಿದಿರುವ, ಕೆಳಗೆ ಬಿಸಿಲು ಏರುತ್ತಿರುವ ಕಾಲ. ಹಿಮ ಜಾರುವುದು ಆಗಲೇ.

ತಮ್ಮ ಮೊದಲು ಅದನ್ನು ಇದ್ದಂತೆಯೇ ಅನುವಾದಿಸಿದ. ಸಂಜೆ ಅಣ್ಣ ಅವನನ್ನು ಹೋಟೆಲಿಗೆ ಕರೆದುಕೊಂಡು ಹೋದ. ಹೊರೆ ಸಾಗಿಸುವವರೆಲ್ಲ ಸೇರುವ ಜಾಗ ಅದು. "ನನ್ನ ತಮ್ಮ ಓದುತ್ತಾನೆ, ಕೇಳಿ" ಎಂದ. ತಮ್ಮ ಓದಿದ. ಆ ಇಳಿಜಾರಿನ ಸಾಲು ಬಂದಾಗ ಒಬ್ಬ ನಕ್ಕ.

"ಇಲ್ಲದಿರಬಹುದಂತೆ! ಲೋ, ದಾರಿ ಹೇಳೋ ಅಂದರೆ ಜಾತಕ ಹೇಳ್ತೀಯಲ್ಲೋ."

ಇನ್ನೊಬ್ಬ ಅಣ್ಣನ ಕಡೆ ತಿರುಗಿದ. "ಇವನನ್ನು ಅಷ್ಟು ವರ್ಷ ಆ ಕಡೆ ಇಟ್ಟದ್ದು ಜರ್ಮನ್ ಕಲಿಯೋದಕ್ಕೋ, ಅವರ ಹಸು ಮೇಯಿಸೋದಕ್ಕೋ?"

ಎಲ್ಲರೂ ನಕ್ಕರು. ಅಣ್ಣನ ಮುಖ ಕೆಂಪಾಯಿತು. ಮನೆಗೆ ಬರುವಾಗ ಅವನು, "ಗೊತ್ತಿರುವವನ ಹಾಗೆ ಬರಿ. ನನ್ನ ಮರ್ಯಾದೆ ಉಳಿಸು ಮಾರಾಯ" ಎಂದ. ಅಷ್ಟೇ ಹೇಳಿದ. ಬೈಯಲಿಲ್ಲ.

ತಮ್ಮ ಮತ್ತೆ ಕೂತು ಬರೆದ. ಪಾದ್ರಿ ನೋಡಿಲ್ಲ ಎಂದ ಕಡೆಯಲ್ಲೆಲ್ಲ ಆ ಮಾತನ್ನು ತೆಗೆದ. ಬೇರೆಯವರನ್ನು ಕೇಳಿ ಎಂದ ಕಡೆಯಲ್ಲಿ ತಾನೇ ಹೇಳಿಬಿಟ್ಟ. ಅವನು ಇದನ್ನು ಸುಳ್ಳು ಎಂದುಕೊಳ್ಳಲಿಲ್ಲ. ಪಾದ್ರಿಗೆ ಬರೆಯುವ ಅಭ್ಯಾಸ ಸಾಲದು, ತಾನು ತಿದ್ದುತ್ತಿದ್ದೇನೆ ಎಂದುಕೊಂಡ. ಇಳಿಜಾರಿನ ಸಾಲು ಈಗ ಹೀಗಾಯಿತು: "ಬೇಸಿಗೆಯಲ್ಲೂ ವಸಂತದಲ್ಲೂ ಇಲ್ಲಿ ಭಯವಿಲ್ಲ." ಒಳ್ಳೆಯ ಇಟಾಲಿಯನ್. ಎಲ್ಲೂ ಎಡವದ ಸಾಲು.

ಈ ಸಲ ಹೋಟೆಲಿನಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದವನೇ ಎದ್ದು ತಮ್ಮನಿಗೆ ಕುಡಿಯಲು ಕೊಡಿಸಿದ. ಅಣ್ಣ ಪುಸ್ತಕದ ಒಂದು ಪ್ರತಿಯನ್ನು ಬಟ್ಟೆಯಲ್ಲಿ ಸುತ್ತಿ ಉಪ್ಪಿನ ಮೂಟೆಗಳ ಜೊತೆ ಇಟ್ಟುಕೊಂಡ.

ಮುಂದಿನ ವಸಂತದಲ್ಲಿ ರೂಢಿಯ ದಾರಿಯ ಮೇಲೆ ಬಂಡೆಗಳು ಉರುಳಿ ದಾರಿ ಮುಚ್ಚಿತು. ದಾರಿ ತೆರೆಯುವವರೆಗೆ ಕಾಯೋಣ ಎಂದರು ಬೇರೆಯವರು. ಅಣ್ಣ ಪುಸ್ತಕ ತೆರೆದು ಆ ಇಳಿಜಾರಿನ ಸಾಲನ್ನು ನಿಧಾನವಾಗಿ ಓದಿ ತೋರಿಸಿದ. ಮರುದಿನ ಬೆಳಿಗ್ಗೆ ಹೇಸರಗತ್ತೆಗಳನ್ನು ಹೊಡೆದುಕೊಂಡು ಹೊರಟ.

ತಮ್ಮನಿಗೆ ಸುದ್ದಿ ತಲುಪಿದ್ದು ತಡವಾಗಿ. ಅವನು ಓಡಿದ. ಕಾಡು ಮುಗಿದು ಹಿಮ ಶುರುವಾಗುವಲ್ಲಿ ಅಣ್ಣ ಮೂಟೆಯ ಹಗ್ಗ ಬಿಗಿಯುತ್ತ ನಿಂತಿದ್ದ.

"ಅಣ್ಣಾ, ಹೋಗಬೇಡ. ಆ ಸಾಲು ಪಾದ್ರಿ ಬರೆದದ್ದಲ್ಲ. ನಾನು ಬರೆದದ್ದು."

"ಪಾದ್ರಿ ಯಾರೋ ನನಗೆ ಗೊತ್ತಿಲ್ಲ. ನೀನು ಗೊತ್ತು. ಹಾಗಾದರೆ ಇನ್ನೂ ಒಳ್ಳೆಯದೇ ಆಯಿತಲ್ಲ."

"ತಮಾಷೆ ಬೇಡ. ಹಿಮ ಜಾರಬಹುದು."

"ಜಾರುತ್ತದೆಯೋ?"

ತಮ್ಮ ಇಳಿಜಾರನ್ನು ನೋಡಿದ. ಅದು ಬೆಳ್ಳಗೆ, ನುಣ್ಣಗೆ, ಸುಮ್ಮನೆ ಇತ್ತು. ಅವನು ಜೀವನದಲ್ಲಿ ಮೊದಲ ಸಲ ಅದನ್ನು ನೋಡುತ್ತಿದ್ದ. ಜಾರುತ್ತದೆ ಎಂದು ಹೇಳಿದ್ದರೆ ಅಣ್ಣ ನಿಲ್ಲುತ್ತಿದ್ದನೇನೋ. ಆದರೆ ಆ ಹೊತ್ತಿನಲ್ಲಿ ಅವನಿಗೆ ಇನ್ನೊಂದು ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಜಾರಬಹುದು. ಜಾರದೆಯೂ ಇರಬಹುದು. ನನಗೆ ಗೊತ್ತಿಲ್ಲ, ಅಣ್ಣಾ."

ಅಣ್ಣ ನಕ್ಕು ಅವನ ಹೆಗಲ ಮೇಲೆ ಕೈಯಿಟ್ಟ. "ನನ್ನನ್ನು ಇಲ್ಲಿ ಕಂಡು ನಿನಗೆ ಪುಕ್ಕಲು. ಪುಸ್ತಕ ಬರೆಯುವಾಗ ನಿನ್ನ ತಲೆ ನೆಟ್ಟಗಿತ್ತು. ನೆಟ್ಟಗಿದ್ದಾಗ ಹೇಳಿದ ಮಾತೇ ನನಗೆ ಸಾಕು. ಮನೆಗೆ ಹೋಗು, ಅವ್ವ ಗಾಬರಿಯಾಗಿರುತ್ತಾಳೆ."

ಅವನು ಹೇಸರಗತ್ತೆಗಳನ್ನು ಮುಂದೆ ಬಿಟ್ಟು ತಾನು ಹಿಂದೆ ನಡೆದ. ತಮ್ಮ ಹಗ್ಗ ಹಿಡಿದು ಎಳೆದ. ಅಣ್ಣ ಅವನ ಬೆರಳುಗಳನ್ನು ಬಿಡಿಸಿ ಹೊರಟುಹೋದ. ಇಳಿಜಾರಿನ ನಡುವಿಗೆ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಹಿಮ ಜಾರಿತು. ಅದು ನಿಂತ ಮೇಲೆ ಅಲ್ಲಿ ಅಣ್ಣನೂ ಇರಲಿಲ್ಲ, ಪ್ರಾಣಿಗಳೂ ಇರಲಿಲ್ಲ. ಬೇಸಿಗೆ ಬಂದು ಹಿಮ ಕರಗಿದ ಮೇಲೆ ಅಣ್ಣನ ದೇಹವನ್ನು ಕೆಳಗೆ ತಂದರು.

ತಮ್ಮ ಪುಸ್ತಕವನ್ನು ಮೊದಲಿನಿಂದ ಮತ್ತೆ ಅನುವಾದಿಸಿದ. ಪಾದ್ರಿಯ ಒಂದೊಂದು "ನೋಡಿಲ್ಲ"ವನ್ನೂ ಅದರದರ ಜಾಗಕ್ಕೆ ತಂದಿಟ್ಟ. ಆ ಕಣಿವೆಯಲ್ಲಿ ಈಗಲೂ ಅದನ್ನೇ ಓದುತ್ತಾರೆ. ಓದುವಾಗ ಎಡವುತ್ತದೆ.

ಗುರುಗಳು ಕತೆ ನಿಲ್ಲಿಸಿದರು. ಎರ್ಸಿಲಿಯಾಳಿಗೆ ದುಃಖವಾಗಿತ್ತು, ಸ್ವಲ್ಪ ಸಿಟ್ಟೂ ಬಂದಿತ್ತು.

"ಕೊನೆಗಾದರೂ ತಮ್ಮ ನಿಜ ಹೇಳಿದನಲ್ಲ, ಗುರುಗಳೇ. ಓಡಿ ಬಂದು, ಕಣ್ಣೆದುರು ನಿಂತು ಹೇಳಿದ. ಅಣ್ಣ ಅವನನ್ನು ನಂಬಬೇಕಿತ್ತು."

ಗುರುಗಳು ಹೇಳಿದರು:

"ನಂಬಿದ್ದರಿಂದಲೇ ಹೋದ."