ಸೀತಮ್ಮನ ಗೊಂಬೆಯ ಎರಡು ಮಗ್ಗಲು

"ದೊಡ್ಡಯ್ಯ, ತಪ್ಪು ಅವನ್ದು. ಆದ್ರೂ ಕ್ಷಮಿಸಿದೀನಿ ಅಂತ ನಾನೇ ಹೇಳಿ ಕಳಿಸ್ದೆ. ಅವ್ನು ಬರ್ಲೇ ಇಲ್ಲ. ಯಾಕೆ?"

ಮಠದ ಜಗಲೀಲಿ ಕೂತು ಶಿಷ್ಯ ಹಿಂಗೆ ಕೇಳ್ದ. ಅವ್ನೂ ಅವ್ನ ಗೆಳೆಯನೂ ಜೋಡೀಲಿ ಪದ ಕಟ್ಟಿ ಹಾಡ್ತಿದ್ದೋರು. ಈಗ ಮಾತು ಬಿಟ್ಟಿದ್ರು.

ದೊಡ್ಡಯ್ಯ ಎಲೆಅಡಿಕೆ ಉಗಿದು ಬಂದು ಕೂತ. "ಜಗಳ ಬಿಡಿಸೋದ್ರಲ್ಲಿ ನನ್ನ ಮೀರಿಸೋನು ಈ ಸೀಮೇಲಿ ಇನ್ನೂ ಹುಟ್ಟಿಲ್ಲ. ಬಾಯ್ಮುಚ್ಕೊಂಡು ಕೇಳು," ಅಂತ ಶುರು ಮಾಡ್ದ.

ತೊಗಲುಗೊಂಬೆ ಮಾಡೋರು ಇಬ್ರಿದ್ರು. ಒಬ್ಬ ಓಬಳ, ಒಬ್ಬ ಸಣ್ಣೀರ. ದೀಪದ ಮುಂದೆ ಆಡೋ ಗೊಂಬೆಗೆ ಎರಡು ಮಗ್ಗಲಿಗೂ ಬಣ್ಣ ಬಳೀಬೇಕು. ಬೇರೆಯೋರು ಒಂದು ಮಗ್ಗಲು ಬಳಿದು, ಒಣಗಿಸಿ, ತಿರುವಿ ಹಾಕ್ಕೊಂಡು ಇನ್ನೊಂದು ಬಳಿಯೋರು. ಇವ್ರು ಹಂಗಲ್ಲ. ತೊಗಲನ್ನ ಬಿದಿರಿನ ಚೌಕಟ್ಟಿಗೆ ಬಿಗಿದು, ಬಿಸಿಲಲ್ಲಿ ನಿಲ್ಸಿ, ಆ ಕಡೆ ಒಬ್ಬ ಈ ಕಡೆ ಒಬ್ಬ ಕೂರೋರು. ಒಬ್ಬರ ಮೋರೆ ಒಬ್ಬರಿಗೆ ಕಾಣ್ತಿರ್ಲಿಲ್ಲ. ಎದುರಿನೋನ ಕುಂಚದ ನೆರಳು ಮಾತ್ರ ತೊಗಲಲ್ಲಿ ಆಡೋದು. ಅದನ್ನೇ ನೋಡ್ಕೊಂಡು ಈ ಕಡೆಯೋನು ಗೀರು ಎಳೆಯೋನು.

"ಮುಗೀತೇನ್ಲಾ?" ಅಂತ ಓಬಳ ಈ ಕಡೆಯಿಂದ ಕೂಗೋನು.

"ತಡಿಯೋ. ಸೀತಮ್ಮನ ಹುಬ್ಬು ಇದು, ನಿನ್ನ ಮೀಸೆಯಲ್ಲ ಸರಕ್ಕಂತ ಎಳೆಯೋಕೆ," ಅಂತ ಆ ಕಡೆಯಿಂದ ಸಣ್ಣೀರ.

ಅಂಥಾ ಕಾಲ ಅದು. ಅವರ ಗೊಂಬೆ ಪರದೆ ಮೇಲೆ ಬಂದ್ರೆ ಜನ ಉಸಿರು ಬಿಗಿಹಿಡಿಯೋರು.

ಒಂದು ಸಲ ಹೊಸ ಸೀತಮ್ಮನ ಗೊಂಬೆ ಮಾಡಿದ್ರು. ಇಬ್ರೂ ದೀಪಕ್ಕೆ ಹಿಡಿದು ನೋಡಿ, ಮೋರೆ ಜೇನಿನಂಗೆ ಹೊಳೆಯೋದು ಕಂಡು, ಪೆಟ್ಟಿಗೆಗೆ ಹಾಕಿದ್ರು. ಆಟದ ದಿನ ಪರದೆಗೆ ತಂದ್ರೆ ಮೋರೆ ಕರ್ರಗೆ! ಬಣ್ಣ ದಪ್ಪ ಆಗಿ ಬೆಳಕು ದಾಟ್ತಾನೇ ಇಲ್ಲ.

"ಏನ್ರಪ್ಪೋ, ಲಂಕೆ ಸುಡೋವಾಗ ಸೀತಮ್ಮ ಒಳಗೇ ಇದ್ಲಾ?" ಅಂತ ಒಬ್ಬ ಕೂಗ್ದ. ಊರಿಗೆ ಊರೇ ನಕ್ತು. ಆಟ ಅಲ್ಲಿಗೇ ನಿಂತ್ಹೋಯ್ತು.

"ನೋಡಿ ಇಟ್ಟ ಮೇಲೆ ಯಾರೋ ಇನ್ನೊಂದು ಸಲ ಬಳಿದವ್ರೆ. ನಾನಂತೂ ಅಲ್ಲ," ಅಂದ ಓಬಳ.

"ಹಂಗಾದ್ರೆ ನಾನಾ?" ಅಂದ ಸಣ್ಣೀರ.

ಅಷ್ಟೇ. ಸಣ್ಣೀರ ತನ್ನ ಕುಂಚ ಎತ್ಕೊಂಡು ಹೊಳೆ ಆಚೆ ಊರಿಗೆ ಹೊಂಟ್ಹೋದ.

ಓಬಳ ಒಬ್ಬನೇ ಗೊಂಬೆ ಮಾಡ್ದ, ತಿರುವಿ ಹಾಕಿ ತಿರುವಿ ಹಾಕಿ. ಜನ ಚೆನ್ನಾಗೈತೆ ಅಂದ್ರು. ಅವನಿಗೆ ಮಾತ್ರ ಬಿಸಿಲಲ್ಲಿ ಚೌಕಟ್ಟು ನಿಲ್ಸಿ ಕೂತಾಗ್ಲೆಲ್ಲ ಕೈ ತಡೆಯೋದು. ತೊಗಲಿನ ಆಚೆ ನೆರಳೇ ಇಲ್ಲ. ಬೀದೀಲಿ ಯಾರಾದ್ರೂ ತಡಿಯೋ ಅಂದ್ರೆ ತಿರುಗಿ ನೋಡೋನು. ಅವನಿಗೆ ಬೇಕಾಗಿದ್ದು ಒಂದೇ ಮಾತು. ತಪ್ಪು ನಂದೇ ಕಣೋ ಅಂತ ಸಣ್ಣೀರ ಬಂದು ಅನ್ಬೇಕು, ತಾನು ಹೋಗ್ಲಿ ಬಿಡೋ ಅನ್ಬೇಕು. ಕಾದು ಕಾದು ಸಾಕಾಗಿ, ಕ್ಷಮಿಸಿದೀನಿ ಅಂತ ಹೇಳಿ ಕಳಿಸ್ದ.

ಸಣ್ಣೀರನೂ ಹೇಳಿ ಕಳಿಸ್ದ. "ಆ ಕ್ಷಮೆನ ಅವನೇ ಜೋಪಾನ ಮಾಡಿ ಇಟ್ಕೊಳ್ಳಲಿ. ಮುಂದಕ್ಕೆ ಬೇಕಾಗ್ತದೆ."

ಇಬ್ರಿಗೂ ತಲೆ ನರೆತು ಹೋಯ್ತು.

ಗೊಂಬೆಯೋರಲ್ಲಿ ಒಂದು ಕಟ್ಟಳೆ ಐತೆ. ಆಟಕ್ಕೆ ಬಾರದ ಗೊಂಬೆನ ಹೊಳೆಗೆ ಬಿಡ್ಬೇಕು. ಬಿಡೋಕೆ ಮುಂಚೆ ಬಣ್ಣ ತೊಳೀಬೇಕು, ಬಳಿದೋರೇ ತೊಳೀಬೇಕು. ಕಣ್ಣು ಮಂಜಾಗ್ತಾ ಬಂದ ಮೇಲೆ ಓಬಳ ಆ ಸೀತಮ್ಮನ ಎತ್ಕೊಂಡು ಹೊಳೆ ಹತ್ರ ಹೋದ. ಸಣ್ಣೀರನಿಗೆ ಹೇಳಿ ಕಳಿಸ್ದ. ಕಟ್ಟಳೆ ಮೀರೋಕಾಗ್ದೆ ಅವ್ನೂ ಬಂದ.

"ನಿನ್ನ ಕಡೆ ನೀನು, ನನ್ನ ಕಡೆ ನಾನು," ಅಂದ ಸಣ್ಣೀರ.

ಗೊಂಬೆನ ಮಧ್ಯೆ ನಿಲ್ಸಿ ಹಿಡ್ಕೊಂಡು, ಆ ಕಡೆ ಒಬ್ಬ ಈ ಕಡೆ ಒಬ್ಬ ಒದ್ದೆ ಬಟ್ಟೇಲಿ ಉಜ್ಜೋಕೆ ಕೂತ್ರು. ಬಣ್ಣ ತೆಳ್ಳಗಾಗ್ತಾ ಬಂದಂಗೆ ತೊಗಲಲ್ಲಿ ಸಣ್ಣೀರನ ಬೆರಳ ನೆರಳು ಆಡ್ತು.

ಪ್ರತಿ ಸಲ ಬಣ್ಣ ಬಳಿದ ಮೇಲೆ ಅದರ ಮೇಲೊಂದು ಕೈ ಗೋಂದು ಸವರೋದು ಅವರ ಪದ್ಧತಿ. ಓಬಳ ಮೋರೆ ಉಜ್ಜಿದ. ಮೇಲಿನ ಗೋಂದು ಹೋಯ್ತು, ಬಣ್ಣ ಹೋಯ್ತು. ಇನ್ನು ಬರೀ ತೊಗಲು ಕಾಣ್ಬೇಕಿತ್ತು. ಬೆರಳಿಗೆ ಮತ್ತೆ ಗೋಂದು ಸಿಕ್ತು. ಅದರಡಿ ಮತ್ತೆ ಬಣ್ಣ.

ಆಗ ಅವನಿಗೆ ನೆನಪು ಬಂತು. ಆಟಕ್ಕೆ ಬಹಳ ದಿನ ಮುಂಚೆ ಒಂದು ಬೆಳಿಗ್ಗೆ ಪೆಟ್ಟಿಗೆ ತೆಗೆದಿದ್ದ. ಮೋರೆ ಯಾಕೋ ಸಪ್ಪೆ ಅನ್ಸಿತ್ತು. ಜನ ಇನ್ನೂ ಹೊಗಳ್ಲಿ ಅಂತ ತನ್ನ ಕಡೆ ಒಂದು ಕೈ ಬಳಿದು, ಗೋಂದು ಸವರಿ, ಬೇರೆ ಗೊಂಬೆ ಕೆಲಸದ ಗಡಿಬಿಡೀಲಿ ಮರೆತೇಬಿಟ್ಟಿದ್ದ.

ಸುಮ್ನೆ ಉಜ್ಜಿ ಹಾಕಿದ್ರೆ ಮುಗೀತಿತ್ತು. ಅವನ ಮಗ್ಗಲು ಅವನಿಗಷ್ಟೇ ಕಾಣ್ತಿತ್ತು. ಹೊಳೆ ನೀರು ಹೇಳಕ್ಕೆ ಹೋಗ್ತಿರ್ಲಿಲ್ಲ.

"ಸಣ್ಣೀರಾ, ನಾನು ಎರಡು ಸಲ ಬಳಿದಿದೀನಿ ಕಣೋ," ಅಂದ ಓಬಳ. "ಇಷ್ಟು ವರ್ಷ ನಿನ್ನ ಬೈದೆ."

ಆಚೆ ಕಡೆ ಬೆರಳ ನೆರಳು ನಿಂತ್ಕೊಳ್ತು. ಆಮೇಲೆ ನಿಧಾನಕ್ಕೆ ಮತ್ತೆ ಉಜ್ಜೋಕೆ ಶುರುವಾಯ್ತು.

ಇಬ್ರೂ ಉಜ್ಜಿ ಮುಗಿಸಿದ್ರು. ಬರೀ ತೊಗಲನ್ನ ಬಿಸಿಲಿಗೆ ಹಿಡಿದ್ರು. ಬೆಳಕು ಧಾರಾಳವಾಗಿ ದಾಟ್ತು.

"ಬಣ್ಣ ತಂದಿದೀಯೇನ್ಲಾ?" ಅಂದ ಸಣ್ಣೀರ.

"ಹೊಳೆಗೆ ಬಿಡೋ ಗೊಂಬೆ ಜೊತೆ ಬಣ್ಣ ಯಾವನು ತರ್ತಾನೋ?"

"ನಡಿ ಹಂಗಾದ್ರೆ. ನಮ್ಮನೇಲಿ ಐತೆ."

ದೊಡ್ಡಯ್ಯ ಕತೆ ನಿಲ್ಸಿದ. ಶಿಷ್ಯ ಇನ್ನೂ ಹತ್ರಕ್ಕೆ ಸರಿದು ಕೂತ.

"ದೊಡ್ಡಯ್ಯ, ಹಂಗಾದ್ರೆ ಸಣ್ಣೀರನ ಕಡೆ ಎಷ್ಟು ಸಲ ಬಳಿದಿತ್ತು?"

"ಓಬಳನೇ ಆ ಕಡೆ ಬಗ್ಗಿ ನೋಡ್ಲಿಲ್ಲ, ನೀನ್ಯಾಕ್ಲಾ ನೋಡ್ತೀಯ?"