ದೊಡ್ಡೀರ ಮರ ತಬ್ಬಿಕೊಂಡು ಮನೆಗೆ ಬಂದದ್ದು

ಬಂದ್ರಾ? ಕೂತ್ಕೊಳ್ಳಿ. ಮಧ್ಯೆ ಬಾಯಿ ಹಾಕಿದರೆ ಕತೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ, ಈಗಲೇ ಹೇಳಿದೀನಿ.

ಗುಡ್ಡದ ಬುಡದಲ್ಲಿ ಆರು ಮನೆ. ಆರು ಮನೇಲಿ ಹನ್ನೊಂದು ಮಕ್ಕಳು. ಒಬ್ಬರನ್ನೂ ಸ್ಕೂಲಿಗೆ ಕಳಿಸೋರಲ್ಲ. ಅಕ್ಷರ, ಮಗ್ಗಿ ಎಲ್ಲಾ ಮನೆ ಜಗಲೀಲೇ. ಶನಿವಾರ ಮಾತ್ರ ಪುಸ್ತಕ ಮುಚ್ಚಿ ಬಯಲಿಗೆ ನಡಿ! ಬೆಂಕಿ ಹಚ್ಚೋದು, ಗಂಟು ಹಾಕೋದು, ದಾರಿ ಹುಡುಕೋದು, ಅಂಥಾ ಪಾಠ. ಒಂದೊಂದು ತಿಂಗಳು ಒಂದೊಂದು ಮನೆಯೋರು ಕಲಿಸಬೇಕು. ಅದು ಸರದಿ.

ಆರನೇ ಮನೆ ಸಾಕವ್ವಂದು. ಅವಳಿಗೆ ಒಬ್ಬನೇ ಮಗ, ದೊಡ್ಡೀರ. ಮೀಸೆ ಬಂದು ಹತ್ತು ವರ್ಷ ಆಯ್ತು, ಬುದ್ಧಿ ಇನ್ನೂ ದಾರೀಲಿತ್ತು. ಹೇಳಿದ್ದನ್ನ ಮಾಡೋನು, ಹೇಳಿದಷ್ಟೇ ಮಾಡೋನು. ಸಾಕವ್ವನ ಸರದಿ ಬರೋ ಹೊತ್ತಿಗೆ ಅವಳ ಮಂಡಿ ಊದಿಕೊಂಡು ಕುಂಬಳಕಾಯಿ ಆಗಿತ್ತು.

"ನೀನೇ ಹೋಗಿ ಕಲಿಸಪ್ಪ," ಅಂದಳು. "ನಾನು ಸತ್ತ ಮೇಲೆ ನಿನ್ನ ಯಾರು ನೋಡ್ತಾರೆ? ಈ ಆರು ಮನೆಯೋರಿಗೆ ನೀನು ಬೇಕಾಗಬೇಕು. ಸರದಿ ಒಂದು ಕೈಬಿಡಬೇಡ. ಇವತ್ತು ಬೆಂಕಿ ಹಚ್ಚೋದು ಕಲಿಸು."

"ಸರಿ ಅಮ್ಮ!"

ಹೋದ. ಮೂರು ಕಲ್ಲಿಟ್ಟ, ಒಣಪುಳ್ಳೆ ಒಟ್ಟಿದ, ಬೆಂಕಿ ಹಚ್ಚಿದ. ಮಕ್ಕಳು ಚಪ್ಪಾಳೆ ತಟ್ಟಿದರು. ಹಚ್ಚೋದು ಕಲಿಸಿ ಆಯ್ತಲ್ಲ, ಎದ್ದು ಬಂದ! ಬೆಂಕಿ ತಾನೇ ಹೊರಟು ಕರಿಬಸಣ್ಣನ ಬೇಲಿಗೆ ಹೋಯ್ತು.

ಕರಿಬಸಣ್ಣ ಅಂದರೆ ಆರು ಮನೆಗೂ ಹಿರಿಯ. ಅವನ ಮಾತೇ ಮಾತು. "ಸಾಕವ್ವ, ನಿನ್ನ ಮಗ ನನ್ನ ಬೇಲಿ ಸುಟ್ಟ!" ಅಂತ ಬಂದು ಕೂಗಾಡಿದ.

ಸಾಕವ್ವ ಹಣೆ ಚಚ್ಚಿಕೊಂಡಳು. "ಅಯ್ಯೋ ಬೆಪ್ಪೇ! ಹೊರಡೋವಾಗ ಒಂದು ಬಿಂದಿಗೆ ನೀರು ಸುರೀಬೇಕು, ಮೇಲೆ ಮಣ್ಣು ಎಳೀಬೇಕು, ಚೆನ್ನಾಗಿ ತುಳೀಬೇಕು, ಆಮೇಲೆ ಬರಬೇಕು!"

"ಅಷ್ಟು ಮೊದಲೇ ಹೇಳಬಾರದೇನಮ್ಮ!"

ಎರಡನೇ ಶನಿವಾರ ಅಡುಗೆ ಪಾಠ. ಮಕ್ಕಳು ತಾವೇ ಗೆಣಸು ಅಗೆದರು, ತಾವೇ ತೊಳೆದರು, ತಾವೇ ಬೇಯಿಸಿದರು. ಘಮ್ ಅಂತ ಎಲೆ ಮೇಲೆ ಹರಡಿ ಕೈ ತೊಳೆಯೋಕೆ ಹಳ್ಳಕ್ಕೆ ಹೋದರು. ದೊಡ್ಡೀರ ಹೊತ್ತು ನೋಡಿದ. ಹೊರಡೋ ಹೊತ್ತಾಯ್ತು! ಗೆಣಸಿನ ಮೇಲೆ ಒಂದು ಬಿಂದಿಗೆ ನೀರು ಸುರಿದ, ಮಣ್ಣು ಎಳೆದ, ಚೆನ್ನಾಗಿ ತುಳಿದ. ಹನ್ನೊಂದು ಮಕ್ಕಳೂ ಅಳ್ತಾ ಮನೆಗೆ ಬಂದವು.

"ಹಸಿದ ಮಕ್ಕಳ ಅನ್ನಕ್ಕೆ ಮಣ್ಣು ಹಾಕಿದನಲ್ಲೇ!" ಅಂದ ಕರಿಬಸಣ್ಣ.

ಸಾಕವ್ವ ಮತ್ತೆ ಹಣೆ ಚಚ್ಚಿಕೊಂಡಳು. "ಅಯ್ಯೋ ಬೆಪ್ಪೇ! ಬಯಲಲ್ಲಿ ಒಳ್ಳೇದನ್ನ ನೆಲದ ಮೇಲೆ ಬಿಡಬಾರದು ಕಣೋ. ಪಂಚೇಲಿ ಗಂಟು ಕಟ್ಟಿ ಕೊಂಬೆಗೆ ನೇತುಹಾಕಬೇಕು. ಇರುವೆ ಮುಟ್ಟಬಾರದು!"

"ಅಷ್ಟು ಮೊದಲೇ ಹೇಳಬಾರದೇನಮ್ಮ!"

ಮೂರನೇ ಶನಿವಾರ ಗಂಟು ಹಾಕೋ ಪಾಠ. ಅದರಲ್ಲಿ ದೊಡ್ಡೀರ ಗಟ್ಟಿಗ, ಸುಳ್ಳು ಹೇಳಬಾರದು. ಎಳೆದಷ್ಟೂ ಬಿಗಿಯೋ ಗಂಟು, ಎಳೆದರೆ ಬಿಚ್ಚೋ ಗಂಟು, ಎಲ್ಲಾ ಹೇಳಿಕೊಟ್ಟ. ಎಲ್ಲರಿಗಿಂತ ಚಿಕ್ಕೋಳು ಹೊನ್ನಿ. ಐದು ವರ್ಷ, ಕರಿಬಸಣ್ಣನ ಮೊಮ್ಮಗಳು. ಹಗ್ಗ ಹಿಡಕೊಂಡೇ ನೆಲದ ಮೇಲೆ ಮಲಗಿ ನಿದ್ದೆ ಹೋದಳು. ದೊಡ್ಡೀರ ನೋಡಿದ. ಚಿನ್ನದಂಥ ಮಗು, ನೆಲದ ಮೇಲೆ! ಪಂಚೇಲಿ ಗಂಟು ಕಟ್ಟಿದ, ಹುಣಸೆ ಕೊಂಬೆಗೆ ನೇತುಹಾಕಿದ, ಹತ್ತು ಮಕ್ಕಳನ್ನ ಕರಕೊಂಡು ಚಡ್ಡೀಲೇ ಮನೆಗೆ ಬಂದ.

"ಹೊನ್ನಿ ಎಲ್ಲೋ?" ಅಂತ ಕರಿಬಸಣ್ಣ ಗಾಬರಿಬಿದ್ದ.

"ಮರದಲ್ಲವಳೆ ಕಣಣ್ಣ. ಒಂದು ಇರುವೆ ಮುಟ್ಟಿಲ್ಲ!"

ಎಲ್ಲಾ ಎದ್ದೂ ಬಿದ್ದೂ ಓಡಿದರು. ಹೊನ್ನಿ ಜೋಲಿ ಆಡ್ತಾ ಹಾಯಾಗಿ ಗೊರಕೆ ಹೊಡೀತಿದ್ದಳು. ನಗ್ತೀರಾ? ನಗಿ. ಕರಿಬಸಣ್ಣ ನಗಲಿಲ್ಲ. "ಇನ್ನೊಂದೇ ಶನಿವಾರ. ಮತ್ತೆ ಎಡವಟ್ಟು ಮಾಡಿದರೆ ನಿಮ್ಮನೆ ಸರದಿ ಬಂದ್!" ಅಂದ.

ಆ ರಾತ್ರಿ ಸಾಕವ್ವ ಊಟ ಮಾಡಲಿಲ್ಲ. ಬೈಯೋಕೂ ಶಕ್ತಿ ಇರಲಿಲ್ಲ ಪಾಪ. "ನೋಡಪ್ಪ, ಕಾಡಲ್ಲಿ ಮಕ್ಕಳು ಕಳೆದುಹೋಗಬಾರದು. ದಾರಿ ತಪ್ಪಿದೋರು ಅಲ್ಲಿ ಇಲ್ಲಿ ಓಡಬಾರದು. ಹತ್ತಿರದ ಮರ ತಬ್ಬಿಕೊಂಡು ಶಿಳ್ಳೆ ಹಾಕ್ತಾ ನಿಲ್ಲಬೇಕು. ದಾರಿ ಗೊತ್ತಿರೋರು ಬಂದು ಕೈ ಹಿಡಿಯೋವರೆಗೂ ಮರ ಬಿಡಬಾರದು. ಇಷ್ಟು ಕಲಿಸು ಸಾಕು."

ನಾಲ್ಕನೇ ಶನಿವಾರ ಅಷ್ಟೂ ಕಲಿಸಿದ. ಹನ್ನೊಂದು ಮಕ್ಕಳೂ ಹನ್ನೊಂದು ಮರ ತಬ್ಬಿಕೊಂಡು ಶಿಳ್ಳೆ ಹಾಕಿದವು. ಗುಡ್ಡ ಸುತ್ತಿ ಇಳಿದು ಬರೋವಾಗ ಕರಿಬಸಣ್ಣನ ಪರಂಗಿ ತೋಟದ ಹತ್ತಿರ ದೊಡ್ಡೀರನ ಕಾಲಿಗೆ ಮುಳ್ಳು ಚುಚ್ಚಿತು. ಕೂತು ಕಿತ್ತುಕೊಂಡ. ತಲೆ ಎತ್ತಿ ನೋಡ್ತಾನೆ, ಒಂದು ಮಗುವೂ ಇಲ್ಲ! ಅವು ಹಸಿವಾಗಿ ಮನೆಗೆ ಓಡಿದ್ದವು.

"ಅಯ್ಯಯ್ಯೋ, ಕಳೆದುಹೋದೆ!" ಅಂದ. ಅಲ್ಲಿಂದ ಮನೆಗೆ ಅರವತ್ತು ಹೆಜ್ಜೆ. ಹತ್ತಿರದ ಪರಂಗಿ ಮರ ತಬ್ಬಿಕೊಂಡು ಶಿಳ್ಳೆ ಹಾಕಿದ್ದೇ ಹಾಕಿದ್ದು.

ಇತ್ತ ಕರಿಬಸಣ್ಣನ ಅಂಗಳದಲ್ಲಿ ಮಕ್ಕಳ ತಲೆ ಎಣಿಸಿದರು. ಹನ್ನೊಂದು! ಸಾಕವ್ವನಿಗೆ ಹೋದ ಜೀವ ಬಂತು. ಅಲ್ಲೇ ಜಗಲಿ ಮೇಲಿಂದ ಕೂಗಿದಳು: "ಬಾರೋ ಮಗನೇ, ಊಟಕ್ಕೆ ಬಾ!"

ದೊಡ್ಡೀರನಿಗೆ ಪೇಚಿಗಿಟ್ಟುಕೊಂಡಿತು. ಅಮ್ಮ ಬಾ ಅಂತಾಳೆ. ಮರ ಬಿಡಬೇಡ ಅಂದೋಳೂ ಅಮ್ಮನೇ. ಹಿಂದಿನ ದಿನ ಮಳೆ ಬಂದು ನೆಲ ಮೆತ್ತಗಿತ್ತು. ಉಸಿರು ಕಟ್ಟಿ ಒಂದು ಸಲ ಎತ್ತಿದ ನೋಡಿ, ಮರ ಬೇರು ಸಮೇತ ಮೇಲೆ ಬಂತು! ತಬ್ಬಿಕೊಂಡೇ ಅಂಗಳಕ್ಕೆ ಬಂದ, ಕಾಯಿ ತೊನೆದಾಡಿಸ್ತಾ, ಶಿಳ್ಳೆ ಹಾಕ್ತಾ.

"ನನ್ನ ಪರಂಗಿ ಮರ!" ಅಂತ ಕರಿಬಸಣ್ಣ ಎದೆ ಹಿಡಕೊಂಡ. "ಮುಗೀತು ಸಾಕವ್ವ. ನಿಮ್ಮನೆ ಸರದಿ ಬಂದ್!"

ಸಾಕವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. "ಬೈಯಿರಿ, ಹೊಡೀರಿ. ಆದರೆ ನನ್ನ ಮಗನ್ನ ದೂರ ಮಾಡಬೇಡಿ ಕರಿಬಸಣ್ಣ. ನಾನು ಹೋದ ಮೇಲೆ ಅವನಿಗೆ ನೀವೇ ಅಲ್ಲವಾ ದಿಕ್ಕು?"

ಆಗ ಹೊನ್ನಿ ತಾತನ ಪಂಚೆ ಜಗ್ಗಿದಳು. "ತಾತ, ಬೈಬೇಡ. ನಾನು ಇವತ್ತು ಗುಡ್ಡದ ಹಿಂದೆ ಚಿಟ್ಟೆ ಹಿಂದೆ ಹೋಗಿ ಕಳೆದುಹೋಗಿದ್ದೆ. ದೊಡ್ಡೀರಣ್ಣ ಹೇಳಿದ ಹಾಗೆ ಮರ ತಬ್ಬಿಕೊಂಡು ಶಿಳ್ಳೆ ಹಾಕಿದೆ. ಅಕ್ಕಂದಿರು ಬಂದು ಕೈ ಹಿಡಕೊಂಡರು."

ಗುಡ್ಡದ ಹಿಂದೆ ಪಾಳುಬಾವಿ ಇದೆ, ಎಲ್ಲರಿಗೂ ಗೊತ್ತು. ಕರಿಬಸಣ್ಣ ಮೊಮ್ಮಗಳ ತಲೆ ಸವರಿದ, ಕಣ್ಣೊರೆಸಿಕೊಂಡ. "ಅಳಬೇಡ ಸಾಕವ್ವ. ಸರದಿ ಇರಲಿ. ನೀನು ಇರೋವರೆಗೂ ಇರಲಿ, ಆಮೇಲೂ ಇರಲಿ. ನಾವಿದೀವಿ."

ಸಾಕವ್ವ ಅಳ್ತಾ ಅಳ್ತಾ ನಕ್ಕಳು. "ಇನ್ನಾದರೂ ಮರ ಬಿಡೋ ಬೆಪ್ಪೇ!"

"ದಾರಿ ಗೊತ್ತಿರೋರು ಕೈ ಹಿಡೀಲಿ, ಬಿಡ್ತೀನಿ."

ಹೊನ್ನಿ ಹೋಗಿ ಅವನ ಕೈ ಹಿಡಕೊಂಡಳು. ದೊಡ್ಡೀರ ಮರ ಬಿಟ್ಟ.

ಬಿಟ್ಟರೆ ಮರ ನಿಲ್ತದಾ? ದಢಾರ್ ಅಂತ ಕರಿಬಸಣ್ಣನ ಅಡುಗೆಮನೆ ಮೇಲೆ ಬಿತ್ತು! ಹೆಂಚು ಪುಡಿಪುಡಿ. ಎಲ್ಲಾ ಕಲ್ಲಾಗಿ ನಿಂತರು. ದೊಡ್ಡೀರ ಮಾತ್ರ ನಿಲ್ಲಲಿಲ್ಲ. ಊಟಕ್ಕೆ ಹೊರಡೋ ಹೊತ್ತಾಯ್ತಲ್ಲ! ಹೊರಡೋವಾಗ ಏನು ಮಾಡಬೇಕು ಅಂತ ಅಮ್ಮ ಹೇಳಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಬಿಂದಿಗೆ ಹಿಡಿದು ಏಣಿ ಹತ್ತಿದ, ಮುರಿದ ಹೆಂಚಿನ ಮೇಲೆ ನೀರು ಸುರಿದ. ಒಳಗೆ ಸಾರು ಕುದಿಸ್ತಿದ್ದ ಕರಿಬಸಣ್ಣನ ಹೆಂಡತಿ ಕಿಟಾರನೆ ಕಿರುಚಿದಳು.

"ಮಕ್ಕಳೇ, ಆಮೇಲೆ ಏನು?" ಅಂತ ಮೇಲಿಂದ ಕೂಗಿದ ದೊಡ್ಡೀರ.

"ಮಣ್ಣು ಎಳೀಬೇಕು! ಚೆನ್ನಾಗಿ ತುಳೀಬೇಕು!" ಅಂದವು ಮಕ್ಕಳು. ಹನ್ನೊಂದೂ ಬುಟ್ಟೀಲಿ ಮಣ್ಣು ತುಂಬಿಕೊಂಡು ಸಾಲಾಗಿ ಏಣಿ ಹತ್ತಿದವು.